ಮಾರ್ಥತ್ತಿಯ ಕೆಂಪು ಎಳೆಗಳು

ನಮ್ಮ ಮನೆಯ ಟಿವಿ ಪಕ್ಕದ ಕಪಾಟಿನಲ್ಲಿರುವ ಒಂದು ಪುಸ್ತಕಕ್ಕೆ ಬಾಲವಿದೆ. ಬೆರಳುದ್ದದ ಕೆಂಪು ರೇಷ್ಮೆ ಎಳೆ, ಪುಟಗಳ ನಡುವಿನಿಂದ ಇಳಿಬಿದ್ದಿದೆ. ಫ್ಯಾನು ಹಾಕಿದರೆ ಅಲುಗುತ್ತದೆ. ಬಂದವರು ನೋಡಿ, "ಏನ್ರಿ, ದಾರ ಹೊರಗ ಬಂದೈತಿ, ಹೊಲಿಗಿ ಬಿಚ್ಚಿರಬೇಕು" ಅನ್ನುತ್ತಾರೆ. ಕೆಲವರು ಉಪಕಾರ ಮಾಡುವ ಉತ್ಸಾಹದಲ್ಲಿ ಎಳೆಯಲು ಕೈಯನ್ನೂ ಹಾಕುತ್ತಾರೆ. ಆಗ ನಾನು ಕುರ್ಚಿಯಿಂದ ಹಾರಿ, "ಬ್ಯಾಡ್ರಿ, ಬ್ಯಾಡ್ರಿ, ಅದು ಅಲ್ಲೇ ಇರಬೇಕು" ಎಂದು ಕೈ ಹಿಡಿಯುತ್ತೇನೆ. ಅವರು ಗಾಬರಿಯಾಗುತ್ತಾರೆ. ಯಾವುದೋ ಮಾಟದ ದಾರ ಎಂದುಕೊಂಡು ಚಹಾ ಅರ್ಧಕ್ಕೇ ಬಿಟ್ಟು ಎದ್ದವರೂ ಉಂಟು.

ನಾನು ಹೀಗೆ ಹಾರುವುದು ಹೊಸದೇನಲ್ಲ. ಮನೆಗೆ ಬೀಗ ಹಾಕಿ, ಜಗ್ಗಿ ನೋಡಿ, ಬಸ್‌ಸ್ಟ್ಯಾಂಡಿನವರೆಗೆ ಹೋಗಿ, ಮತ್ತೆ ಬಂದು ಜಗ್ಗಿ ನೋಡುವವ ನಾನು. ಔಷಧದ ಪೆಟ್ಟಿಗೆಯೊಳಗಿನ ಚೀಟಿ ಓದಿದರೆ ಸಾಕು, ಮಾತ್ರೆ ನುಂಗುವ ಮೊದಲೇ ಅದರ ದುಷ್ಪರಿಣಾಮಗಳೆಲ್ಲ ನನಗೆ ಆಗಿ ಮುಗಿದಿರುತ್ತವೆ. ಇಂಥವನ ಕೈಗೆ ದೇವರು ಸತ್ಯವೇದವನ್ನು, ಅಂದರೆ ಬೈಬಲ್ಲನ್ನು, ಕೊಟ್ಟ. ಅದೂ ಪೂರ್ತಿ ಸತ್ಯವೇದ, ಹಳೆಯ ಒಡಂಬಡಿಕೆಯ ಸಮೇತ.

ಮಳೆಗಾಲದಲ್ಲಿ ಕೆಸರಾದ ರಸ್ತೆ ದಾಟುವುದಿಲ್ಲವೇ, ನಾನು ಹಳೆಯ ಒಡಂಬಡಿಕೆಯನ್ನು ಹಾಗೆ ಓದುತ್ತ ಬಂದವನು. ಒಣಗಿದ ಜಾಗ ನೋಡಿ ಕಾಲಿಡುವುದು, ರಕ್ತ ಕಂಡಲ್ಲಿ ಜಿಗಿಯುವುದು. ಜಲಪ್ರಳಯ ಬಂತೋ, ಕಾಮನಬಿಲ್ಲಿಗೆ ಹಾರು. ಯೆರಿಕೋ ಪಟ್ಟಣದ ಗೋಡೆ ಬಿತ್ತೋ, ಗೋಡೆಯ ಒಳಗಿದ್ದವರು ಏನಾದರೆಂದು ಕೇಳದೆ ಪುಟ ತಿರುಗಿಸು. ಬೋಳುತಲೆಯ ಪ್ರವಾದಿಯನ್ನು ಗೇಲಿ ಮಾಡಿದ ಹುಡುಗರ ಮೇಲೆ ಕರಡಿಗಳು ಬಿದ್ದ ಕಥೆಯೂ ಒಂದಿದೆ. ನನ್ನ ತಲೆಯ ಬಗ್ಗೆ ನಮ್ಮ ಆಫೀಸಿನಲ್ಲಿ ಆಗುವ ಮಾತುಗಳನ್ನು ನೆನೆದರೆ, ಆ ಒಂದು ಕಥೆಯ ವಿಷಯದಲ್ಲಿ ಮಾತ್ರ ನನ್ನ ಮನಸ್ಸು ಪೂರ್ತಿ ಸ್ವಚ್ಛವಾಗಿಲ್ಲ ಎಂದು ಒಪ್ಪಿಕೊಳ್ಳುತ್ತೇನೆ.

ನಾನೊಬ್ಬನೇ ಹಾರಿಕೊಂಡಿದ್ದರೆ ಯಾರಿಗೂ ತೊಂದರೆ ಇರಲಿಲ್ಲ. ಮಗಳು ಸ್ನೇಹಾ ಚಿಕ್ಕವಳಿದ್ದಾಗ ಅವಳಿಗೆ ಕಥೆ ಹೇಳುವ ಕೆಲಸ ನನ್ನ ಪಾಲಿಗೆ ಬಂತು. ನಾನು ದೇವರಿಗೆ ಸ್ವಲ್ಪ ಸಹಾಯ ಮಾಡಿದೆ. ನನ್ನ ಜಲಪ್ರಳಯದಲ್ಲಿ ಯಾರೂ ಮುಳುಗುತ್ತಿರಲಿಲ್ಲ. ನೋಹನ ಕುಟುಂಬ ನಾವೆಯಲ್ಲಿ ಹೋದರೆ, ಉಳಿದ ಜನಕ್ಕೆಲ್ಲ ಮೊದಲೇ ನೋಟೀಸು ಹೋಗಿ ಎತ್ತರದಲ್ಲಿ ಸೈಟು ಸಿಕ್ಕಿರುತ್ತಿತ್ತು. ಅಣೆಕಟ್ಟಿನ ಹಿನ್ನೀರಿಗೆ ಹಳೇ ಬಾಗಲಕೋಟೆಯ ಮನೆ ಬಿಟ್ಟು ನವನಗರಕ್ಕೆ ಬಂದವನ ತಲೆಗೆ ಇನ್ನೇನು ಹೊಳೆಯಬೇಕು ಹೇಳಿ. ಐಗುಪ್ತದ, ಅಂದರೆ ಈಜಿಪ್ಟಿನ, ಕಥೆಯಲ್ಲೂ ಅಷ್ಟೇ. ಗುಲಾಮರಾಗಿದ್ದ ಇಸ್ರಾಯೇಲ್ಯರನ್ನು ಬಿಡಲೊಲ್ಲದ ಫರೋಹ ರಾಜನ ದೇಶದಲ್ಲಿ ದೇವರ ಶಿಕ್ಷೆಯಿಂದ ಪ್ರತಿ ಮನೆಯ ಚೊಚ್ಚಲ ಮಗು ಸಾಯುತ್ತದೆ ಎಂದು ಮೂಲದಲ್ಲಿದೆ. ನನ್ನ ಐಗುಪ್ತದಲ್ಲಿ ಜ್ವರ ಬರುತ್ತಿತ್ತು. ಮೂರು ದಿನಕ್ಕೆ ಬಿಡುತ್ತಿತ್ತು.

ಸ್ನೇಹಾಗೆ ಹದಿನಾರು ತುಂಬಿತು. ದೃಢೀಕರಣದ ವರ್ಷ. ಕೂಸಾಗಿದ್ದಾಗ ತಂದೆತಾಯಿ ದೀಕ್ಷಾಸ್ನಾನ ಮಾಡಿಸಿರುತ್ತಾರೆ. ತಿಳಿವಳಿಕೆ ಬಂದ ಮೇಲೆ ಮಕ್ಕಳು ಚರ್ಚಿನಲ್ಲಿ ಸಭೆಯ ಮುಂದೆ ನಿಂತು, "ಹೌದು, ನಾನೇ ನಂಬುತ್ತೇನೆ" ಅನ್ನಬೇಕು. ಅದಕ್ಕೆ ಕೆಲವು ತಿಂಗಳ ಪಾಠ. ಶನಿವಾರ ಮಧ್ಯಾಹ್ನ ಪಾಠಕ್ಕೆ ಹೋದವಳು ಒಂದು ದಿನ ಮನೆಗೆ ಬಂದು, ಚಪ್ಪಲಿ ಬಿಡುವ ಮೊದಲೇ ಕೇಳಿದಳು:

"ಪಪ್ಪಾ, ಐಗುಪ್ತದ ಹುಡುಗೂರಿಗೆ ಜ್ವರ ಎಷ್ಟು ಡಿಗ್ರಿ ಬಂದಿತ್ತು?"

ನಾನು ಪೇಪರಿನ ಹಿಂದೆ ಅಡಗಿದೆ.

"ಬೀಸುವ ಕಲ್ಲಿನ ಹಿಂದ ಕುಂತ ದಾಸಿ ಅಂತ ಬರದೈತಿ. ಆಕಿ ಮಗನೂ ಸಾಯ್ತಾನ. ಫರೋಹ ಮಾಡಿದ್ದಕ್ಕ ಆಕಿ ಮಗ ಯಾಕ ಸಾಯಬೇಕು? ಆಕಿನೂ ಗುಲಾಮಳ ಅಲ್ಲೇನು?"

"ಅವಾಗಿನ ಕಾಲ ಬ್ಯಾರೆ ಇತ್ತವಾ..."

"ದೇವರೂ ಬ್ಯಾರೆ ಇದ್ದನೇನು?" ಎಂದು ಕೇಳಿ ಚಪ್ಪಲಿ ಬಿಟ್ಟಳು. ಆಮೇಲೆ ಮೆಲ್ಲಗೆ, "ನಾನೂ ಚೊಚ್ಚಲ ಅಲ್ಲೇನು ಪಪ್ಪಾ?" ಅಂದಳು.

ಈ ಮಾತಿಗೆ ನನ್ನ ಪೇಪರು ಕೆಳಗಿಳಿಯಿತು. ಆದರೆ ಆಮೇಲಿನದು ಅದಕ್ಕಿಂತ ಕೆಟ್ಟದಾಗಿತ್ತು. "ನಾ ಸಭಾದ ಮುಂದ ನಿಂತು ಹೌದು ಅನ್ನಂಗಿಲ್ಲ. ದೇವರ ಮ್ಯಾಲೆ ಸಿಟ್ಟಿಲ್ಲ. ನೀ ಎಷ್ಟು ಖರೆ ಹೇಳಿ, ಎಷ್ಟು ಸುಳ್ಳು ಹೇಳಿ ಅಂತ ನನಗ ಗೊತ್ತಾಗವಲ್ದು. ಯಾವುದಕ್ಕ ಹೌದು ಅನ್ಲಿ?"

ಒಳಗೆ ಹೋಗಿ ಬಾಗಿಲು ಹಾಕಿಕೊಂಡಳು. ದೇವರ ಮಾನ ಉಳಿಸಲು ಹೋಗಿ ನಾನು ನನ್ನ ಮಾನವನ್ನೂ ಅವನ ಮಾನವನ್ನೂ ಒಟ್ಟಿಗೆ ಕಳೆದಿದ್ದೆ.

ಪಾಸ್ಟರ್ ಬಂದರು. ಒಳ್ಳೆಯ ಮನುಷ್ಯ. ನ್ಯಾಯದ ಬಗ್ಗೆ ಹೇಳಿದರು, ಫರೋಹನ ಕಲ್ಲೆದೆಯ ಬಗ್ಗೆ ಹೇಳಿದರು, ದೇವರ ಆಲೋಚನೆ ನಮ್ಮ ಅಳತೆಗೆ ಸಿಗದು ಎಂದೂ ಹೇಳಿದರು. ಸ್ನೇಹಾ ಎಲ್ಲ ಕೇಳಿ, "ಥ್ಯಾಂಕ್ಯೂ ಅಂಕಲ್" ಅಂದಳು. ಆ ಥ್ಯಾಂಕ್ಯೂ ನನಗೆ ಗೊತ್ತು. ತಲೆಗೆ ಬೇವಿನೆಣ್ಣೆ ಹಚ್ಚಿಕೋ ಎಂದು ಯಾರಾದರೂ ಸಲಹೆ ಕೊಟ್ಟಾಗ ನಾನು ಹೇಳುವಂಥದ್ದು.

ನನಗೆ ಉಳಿದದ್ದು ಒಂದೇ ದಾರಿ, ಇಳಕಲ್ಲಿನ ಬಸ್ಸು.

ಇಳಕಲ್ಲಿನಲ್ಲಿ ಮಾರ್ಥತ್ತಿ ಇದ್ದಾಳೆ. ನನ್ನ ಅಪ್ಪನ ತಂಗಿ. ಕನ್ನಡ ಸಾಲಿಯ ಮಾಸ್ತರಿಣಿಯಾಗಿದ್ದಳು. ಮದುವೆಯಾಗಲಿಲ್ಲ, ಯಾಕೆ ಎಂದು ಕೇಳುವ ಧೈರ್ಯ ನಮ್ಮ ಮನೆತನದಲ್ಲಿ ಯಾರಿಗೂ ಇರಲಿಲ್ಲ. ನಾನು ಹುಡುಗನಿದ್ದಾಗ ಹಳೇ ಬಾಗಲಕೋಟೆಯಲ್ಲಿ ನಮ್ಮ ಜೊತೆಗೇ ಇದ್ದಳು. ಭಾನುವಾರ ನಮ್ಮ ಮನೆಯ ಮುಂದಿನ ಬೇವಿನ ಗಿಡದ ಕೆಳಗೆ ಮಕ್ಕಳನ್ನು ಕೂರಿಸಿ ಸತ್ಯವೇದದ ಪಾಠ ಮಾಡುತ್ತಿದ್ದಳು. ನಮ್ಮ ಓಣಿಯ ಮಲ್ಲ್ಯಾನೂ ಬರುತ್ತಿದ್ದ. ಅವರದು ಬಸವಣ್ಣನ ಭಕ್ತರ ಮನೆ. ಅವನು ಹಣೆಗೆ ವಿಭೂತಿ ಹಚ್ಚಿಕೊಂಡೇ ಬಂದು, ಕಥೆ ಕೇಳಿ, ಕೊನೆಗೆ ಕೊಡುವ ಶೇಂಗಾ ಬೆಲ್ಲದಲ್ಲಿ ನನಗಿಂತ ದೊಡ್ಡ ಪಾಲು ಹೊಡೆದು ಹೋಗುತ್ತಿದ್ದ. ಒಮ್ಮೆ ಅತ್ತಿ ನಮ್ಮನ್ನೆಲ್ಲ ಬಾದಾಮಿಗೆ ಕರೆದುಕೊಂಡು ಹೋಗಿದ್ದಳು. ಮೆಟ್ಟಿಲ ಮೇಲೆ ಮಂಗ ನನ್ನ ಬುತ್ತಿ ಕಸಿಯಿತು. ನನ್ನ ಬದುಕಿನಲ್ಲಿ ನಾನು ಮೊದಲೇ ಚಿಂತಿಸಿ, ಚಿಂತಿಸಿದಂತೆಯೇ ಆದ ಏಕೈಕ ಘಟನೆ ಅದು. ಗುಹೆಯೊಳಗೆ ಕೋಣನನ್ನು ತುಳಿದು ನಿಂತ ದೇವಿಯನ್ನು ನೋಡಿ ಮಲ್ಲ್ಯಾ ಕೇಳಿದ್ದ, "ನಿಮ್ಮ ದೇವರು ಹಿಂಗೆಲ್ಲಾ ಹೊಡಿತಾನೇನ್ರಿ ಟೀಚರ್?" ಅತ್ತಿ ಹೇಳಿದ್ದಳು, "ಹೊಡ್ದದ್ದು ನಮ್ಮ ಪುಸ್ತಕದಾಗೂ ಭಾಳ ಐತೆಪಾ. ನಾವು ಕಲ್ಲಾಗ ಕೆತ್ತಿಲ್ಲ, ಅಷ್ಟ."

ಅವಳ ಓದಿನಲ್ಲಿ ಒಂದು ವಿಚಿತ್ರವಿತ್ತು. ನಡುವೆ ನಿಂತುಬಿಡುತ್ತಿದ್ದಳು. ಒಮ್ಮೆ, ಐಗುಪ್ತದಲ್ಲಿ ದೊಡ್ಡ ಗೋಳಾಟವೆದ್ದಿತು, ಸಾವಿಲ್ಲದ ಮನೆ ಒಂದೂ ಇರಲಿಲ್ಲ ಎಂಬಲ್ಲಿಗೆ ಬಂದು ಬಾಯಿ ಮುಚ್ಚಿದಳು. ಗಿಡದ ಮೇಲೆ ಕಾಗೆ ಕೂಗಿತು. ಯಾರದೋ ಮೂಗು ಸುರಿಯಿತು. ಅತ್ತಿ ಸಾಲು ತಪ್ಪಿದಳು ಎಂದು ನನಗೆ ಚಿಂತೆ ಹತ್ತಿತು. ಅಧ್ಯಾಯ ಬಾಯಿಪಾಠವಿದ್ದ ಜಾಣ ನಾನು, ಮುಂದಿನ ಸಾಲನ್ನು ಗಟ್ಟಿಯಾಗಿ ಹೇಳಿಕೊಟ್ಟೆ. ಅವಳು ನನ್ನ ತೊಡೆ ಚಿವುಟಿ ಹೇಳಿದಳು, "ನಿನಗೇನ ಬಸ್ ತಪ್ಪತೈತಿ? ಅಲ್ಲೆ ಅಳಾಕತ್ತಾರ. ಅತ್ತು ಮುಗಿಸಲಿ."

ಆ ದಿನಗಳಲ್ಲೇ ಊರಿಗೆ ಸರ್ವೆಯವರು ಬಂದರು. ಮುಳುಗಡೆಯಾಗುವ ಮನೆಗಳ ಗೋಡೆಗೆ ಕೆಂಪು ಬಣ್ಣದಿಂದ ನಂಬರು ಬರೆಯುತ್ತಿದ್ದರು. ಒಂದು ದಿನ ಸಾಲಿಯಿಂದ ಬಂದಾಗ ನಮ್ಮ ಬಾಗಿಲ ಪಕ್ಕದಲ್ಲೂ ಕೆಂಪು ನಂಬರು ಹಸಿಯಾಗಿತ್ತು. ದೊಡ್ಡವರು ಅದನ್ನು ನೋಡಿ ಮುಖ ಸಣ್ಣದು ಮಾಡಿಕೊಂಡು ಕೂತಿದ್ದರು. ನನಗೆ ಮಾತ್ರ ಒಳಗೊಳಗೇ ಖುಷಿ. ಅತ್ತಿಯ ಪಾಠ ಕೇಳಿದ್ದೆನಲ್ಲ! ಇಸ್ರಾಯೇಲ್ಯರು ಕುರಿಮರಿಯ ರಕ್ತವನ್ನು ಬಾಗಿಲಿಗೆ ಹಚ್ಚುತ್ತಾರೆ. ಕೆಂಪು ಕಂಡ ಮನೆಯನ್ನು ಸಂಹಾರದ ದೂತ ದಾಟಿ ಹೋಗುತ್ತಾನೆ. ಅಂದಮೇಲೆ ನೀರು ಬಂದರೂ ನಮ್ಮ ಮನೆಯನ್ನು ಬಳಸಿಕೊಂಡು ಹೋಗುತ್ತದೆ. ಸರಕಾರಕ್ಕೆ ನಮ್ಮ ಮೇಲೆ ಎಷ್ಟು ಪ್ರೀತಿ!

ಆ ಖುಷಿ ಸಂಜೆಯವರೆಗೂ ಬಾಳಲಿಲ್ಲ. ಮಲ್ಲ್ಯಾನ ಮನೆಯ ಗೋಡೆ ಬೆಳ್ಳಗಿತ್ತು. ಅವನು ಅವರ ಮನೆಯ ಚೊಚ್ಚಲ. ನನ್ನ ಮೊದಲ ದೊಡ್ಡ ಚಿಂತೆ ಅದು ಇರಬೇಕು. ಆಮೇಲಿನವೆಲ್ಲ ಅದರ ಮಕ್ಕಳು ಮೊಮ್ಮಕ್ಕಳು. ನಮ್ಮಜ್ಜಿ ಗೋಡೆಯ ಅಂಚಿಗೆ ಬಳಿಯಲು ಇಟ್ಟಿದ್ದ ಕೆಮ್ಮಣ್ಣನ್ನು ತೆಂಗಿನ ಚಿಪ್ಪಿನಲ್ಲಿ ಕಲಸಿಕೊಂಡು ಹೋಗಿ, ಮಲ್ಲ್ಯಾನ ಬಾಗಿಲ ಎರಡೂ ಬದಿಗೆ ಬಳಿದೆ. ಚೌಕಟ್ಟಿನ ಮೇಲ್ಭಾಗ ನಿಲುಕಲಿಲ್ಲ. ಜಿಗಿದು ಜಿಗಿದು ಕೈ ಒತ್ತಿದೆ.

ಮಲ್ಲ್ಯಾನ ಅಜ್ಜಿ ಎಮ್ಮೆಗೆ ನೀರಿಡಲು ಹೊರಗೆ ಬಂದವರು ಬಾಗಿಲು ನೋಡಿ ಅಲ್ಲೇ ಕುಸಿದು ಕೂತರು. "ಯವ್ವಾ, ನಮ್ಮ ಮನೀನೂ ಬರದ್ರಲ್ಲವ್ವೋ! ನಾವೂ ಮುಳಗ್ತೀವಲ್ಲೋ!" ಓಣಿಯೆಲ್ಲ ಸೇರಿತು. ಕೆಂಪಾದ ನನ್ನ ಕೈಗಳು ನನ್ನ ಬೆನ್ನ ಹಿಂದೆ ಇದ್ದವು, ಬೆನ್ನೂ ಕೆಂಪಾಗಿತ್ತು.

ಅತ್ತಿ ಬಂದಳು. ಅಜ್ಜಿಯ ಕೈ ಹಿಡಿದು, "ತಪ್ಪಾತ್ರಿ ಎವ್ವಾ, ನಮ್ಮ ಹುಡುಗ ಮಾಡ್ಯಾನ" ಎಂದು ತಾನೇ ಬಟ್ಟೆ ತೋಯಿಸಿ ಬಾಗಿಲು ಒರೆಸಿದಳು. ಮನೆಗೆ ಬಂದ ಮೇಲೆ ಯಾಕೆ ಮಾಡಿದೆ ಎಂದು ಕೇಳಿದಳು. ನಾನು ಅಳುತ್ತ ಹೇಳಿದೆ, "ನಾವಷ್ಟ ಉಳದ್ರ ಹೆಂಗ? ಮಲ್ಲ್ಯಾ?" ಹೊಡೆಯುತ್ತಾಳೆಂದು ಕಾದೆ. ಅವಳು ಹೊಡೆಯಲಿಲ್ಲ. ತಾನು ಉಟ್ಟ ಇಳಕಲ್ ಸೀರೆಯ ಸೆರಗಿನ ತುದಿಯಿಂದ ಕೆಂಪು ಎಳೆಯೊಂದನ್ನು ಜಗ್ಗಿ, ಹಲ್ಲಿನಿಂದ ಕಡಿದು, ಸತ್ಯವೇದದ ಆ ಪುಟದಲ್ಲಿ ಇಟ್ಟಳು. ಅದು ಅವಳ ಮೊದಲ ಪಗಾರದ ಸೀರೆ.

(ಮರುದಿನ ಸರ್ವೆಯವರು ಮಲ್ಲ್ಯಾನ ಮನೆಗೂ ಬಂದು ಖರೇ ನಂಬರು ಬರೆದರು. ನನ್ನ ಕೈಗುಣದಿಂದಲೇ ಮನೆ ಮುಳುಗಿತೆಂದು ಅಜ್ಜಿ ಕೊನೆಯವರೆಗೂ ನಂಬಿದ್ದರು. ಈಗ ನವನಗರದಲ್ಲಿ ನಮ್ಮ ಹಿಂದಿನ ರಸ್ತೆಯಲ್ಲೇ ಇರುವ ಮಲ್ಲ್ಯಾ, ಹೊಸ ಬಣ್ಣ ಹಚ್ಚಿಸಿದಾಗಲೆಲ್ಲ ನನಗೆ ಫೋನ್ ಮಾಡಿ, "ಲೇ ಜಯ್ಯಾ, ಎಂಟ ದಿನ ಈ ಕಡೆ ಬರಬ್ಯಾಡ" ಅನ್ನುತ್ತಾನೆ.)

ಇರಲಿ, ಬಸ್ಸಿಗೆ ಬರೋಣ. ಅಮೀನಗಡದಲ್ಲಿ ಇಳಿದು ಕರದಂಟು ಕಟ್ಟಿಸಿಕೊಂಡೆ. ಹುನಗುಂದ ದಾಟುವವರೆಗೆ ಸ್ನೇಹಾ ಕಿಟಕಿ ಬಿಟ್ಟು ಮುಖ ತಿರುಗಿಸಲಿಲ್ಲ. ನಾನು ಮನಸ್ಸಿನಲ್ಲೇ ಅತ್ತಿಗೆ ಹೇಳಬೇಕಾದದ್ದನ್ನು ಜೋಡಿಸಿಕೊಂಡೆ: ಹುಡುಗಿಗೆ ಬಿರುಸಾಗಿ ಹೇಳಬೇಡ, ಮೆತ್ತಗೆ ಹೇಳು, ಬೇಕಾದರೆ ಸ್ವಲ್ಪ ಬದಲಿಸಿ ಹೇಳು.

ಪಕ್ಕದ ಮನೆಯ ಮಗ್ಗದ ಸಪ್ಪಳದ ನಡುವೆ ಅತ್ತಿ ನನ್ನ ಮಾತು ಪೂರ್ತಿ ಕೇಳಿದಳು. ಎಂಬತ್ತರ ಹತ್ತಿರದ ವಯಸ್ಸು. ಕಿವಿ ಮಂದವಾಗಿದೆ ಅನ್ನುತ್ತಾಳೆ, ಆದರೆ ಬೇಕಾದ್ದೆಲ್ಲ ಕೇಳುತ್ತದೆ.

"ಬದಲಿಸಿ ಹೇಳೂದಂದ್ರ? ಜ್ವರ ಬಂದಿತ್ತು ಅಂತನೇನು?" ಅಂದಳು. ಸ್ನೇಹಾ ಫೋನಿನಲ್ಲಿ ಮೊದಲೇ ಎಲ್ಲ ಹೇಳಿದ್ದಳು. "ನೀ ಅತ್ತಾಗ ಕುಂದ್ರು. ಮಾತಾಡಬ್ಯಾಡ."

ಆಮೇಲೆ ಸ್ನೇಹಾಳ ಕಡೆ ತಿರುಗಿ, ಮೂಲೆಯ ಬೀಸುವ ಕಲ್ಲು ತೋರಿಸಿದಳು. ಝುಣಕದ ಹಿಟ್ಟನ್ನು ಅವಳು ಇವತ್ತಿಗೂ ಗಿರಣಿಗೆ ಕಳಿಸುವುದಿಲ್ಲ. "ಬಾ ಯವ್ವಾ, ಕಡ್ಲಿಬ್ಯಾಳಿ ಹಾಕೀನಿ, ಬೀಸು."

"ಅಜ್ಜೀ, ನಾ ಕೇಳಾಕ ಬಂದದ್ದು..."

"ಆಮ್ಯಾಲೆ ಕೇಳೀಯಂತ. ಮೊದಲ ಬೀಸು."

ಸ್ನೇಹಾ ಗೂಟ ಹಿಡಿದಳು. ಹತ್ತು ಸುತ್ತಿಗೆ ಕೈ ಸೋತಿತು, ಎರಡೂ ಕೈ ಹಚ್ಚಿದಳು. ಅತ್ತಿ ಕನ್ನಡಕ ಏರಿಸಿ ತನ್ನ ಸತ್ಯವೇದ ತೆರೆದಳು. ದೇವರೇ, ಎಷ್ಟು ಬಾಲಗಳು! ಐಗುಪ್ತಕ್ಕೊಂದು, ಪ್ರಳಯಕ್ಕೊಂದು, ಯೆರಿಕೋಗೊಂದು, ಕರಡಿಗಳಿಗೂ ಒಂದು. ನಾನು ಜಿಗಿದು ದಾಟಿದ ಪ್ರತಿಯೊಂದು ಜಾಗದಲ್ಲೂ ಅವಳು ಎಳೆ ಇಟ್ಟಿದ್ದಳು. ಗಟ್ಟಿಯಾಗಿ ಓದಿದಳು. ಕಲ್ಲು ಗರಗರ ತಿರುಗುತ್ತಿತ್ತು. ಸಿಂಹಾಸನದ ಮೇಲೆ ಕೂತವನ ಚೊಚ್ಚಲ ಮಗನಿಂದ ಹಿಡಿದು ಬೀಸುವ ಕಲ್ಲಿನ ಹಿಂದೆ ಕೂತ ದಾಸಿಯ ಚೊಚ್ಚಲ ಮಗನವರೆಗೆ ಎಂಬಲ್ಲಿ ಕಲ್ಲು ನಿಂತಿತು. ಅತ್ತಿಯೂ ನಿಂತಳು. ಪಕ್ಕದ ಮಗ್ಗವೊಂದೇ ನಡೆದಿತ್ತು.

ಸ್ನೇಹಾ ಕಣ್ಣು ಒರೆಸಿಕೊಂಡಳು, ಹಿಟ್ಟಿನ ಕೈಯಿಂದಲೇ. "ಇದು ತಪ್ಪು ಅಜ್ಜಿ."

"ನನಗೂ ಹಂಗ ಅನಸ್ತೈತಿ ಬೇ. ಅದಕ್ಕ ಎಳಿ ಇಟ್ಟೀನಿ. ಇಷ್ಟೂ ಕಡೆ ನಂದೂ ಅವಂದೂ ಮಾತು ಮುಗದಿಲ್ಲ."

"ಉತ್ತರ ಸಿಗಲಿಲ್ಲೇನು? ಇಷ್ಟು ವರ್ಷ ಆದ್ರೂ?"

"ಸಿಕ್ಕಿದ್ರ ಎಳಿ ತಗೀತಿದ್ನಿ." ಅತ್ತಿ ಪುಸ್ತಕ ಮಡಿಲಲ್ಲಿ ಇಟ್ಟುಕೊಂಡಳು. "ಆದ್ರ ಒಂದು ನೋಡು. ವೈರಿ ಮನಿ ಅಳು ಯಾರು ಬರದಿಡ್ತಾರ? ಗೆದ್ದಾವ್ರು ಬರದ ಪುಸ್ತಕ ಇದು. ಆ ದಾಸಿ ಹೆಸರು ತಗೀದ ಇರಬಹುದಿತ್ತು, ನಿಮ್ಮಪ್ಪನಂಗ ಜ್ವರ ಅಂತ ಬರದು ಮುಗಸಬಹುದಿತ್ತು. ಬರದಾರ. ಕಲ್ಲು ಸೈತ ಬಿಟ್ಟಿಲ್ಲ. ಅಳೂದು ಕೇಳಿಸಲಿ ಅಂತನ ಯಾವನೋ ಒಬ್ಬ ಬರಿಸ್ಯಾನ."

ನಾನು ಬಾಯಿ ತೆರೆದೆ. ಅತ್ತಿ ನನ್ನತ್ತ ನೋಡದೆಯೇ ಕೈ ಎತ್ತಿ ನಿಲ್ಲಿಸಿದಳು. ಆಮೇಲೆ ಸ್ನೇಹಾಗೆ ಕೆಮ್ಮಣ್ಣಿನ ಕಥೆ ಹೇಳಿದಳು. ನಾನು ಈ ತನಕ ಮನೆಯಲ್ಲಿ ಯಾರಿಗೂ ಹೇಳಿರಲಿಲ್ಲ. ಜಿಗಿದು ಜಿಗಿದು ಕೈ ಒತ್ತಿದ್ದನ್ನು ಹೇಳುವಾಗ ಸ್ನೇಹಾ ಅಳುತ್ತಲೇ ನಕ್ಕಳು.

"ಎಂಟು ವರ್ಷದ ಹುಡುಗ. ತಾನಷ್ಟ ಉಳಿಯೂದು ಇವಗ ಸಹಿಸಲಿಲ್ಲ. ಈ ಕರುಣಾ ಇವಗ ಎಲ್ಲಿಂದ ಬಂತು ಹೇಳು? ಇವನೇನು ಅಂಥಾ ಶ್ಯಾಣ್ಯಾ ಅಲ್ಲ." ನನ್ನ ಎದುರೇ ಹೇಳಿದಳು. "ನಿನಗ ಈಗ ಕಣ್ಣಾಗ ನೀರು ಬಂತಲ್ಲ, ಆ ದಾಸಿ ಸಲುವಾಗಿ, ಅದನ್ನ ನಿನ್ನೊಳಗ ಇಟ್ಟಾವ ಯಾರು? ನಾ ಅವನ್ನ ನಂಬೀನಿ. ಅವನ ಮುಂದ ನಿಂತ ಅವನ್ನ ಕೇಳ್ತೀನಿ. ಬ್ಯಾರೆಯವರ ಮುಂದ ನಿಂತ ಕೇಳಾಕ ಆಗೂದಿಲ್ಲಲ್ಲ."

ದನಿ ಇಳಿಸಿದಳು. "ಕಡೀಕ ತನ್ನ ಚೊಚ್ಚಲ ಮಗನ್ನೂ ಅವ ಶಿಲುಬಿಯಿಂದ ಉಳಿಸ್ಕೊಳ್ಲಿಲ್ಲ. ಅದ ಉತ್ತರ ಅಂತ ನಾ ಹೇಳಂಗಿಲ್ಲವಾ. ಆ ದಾಸಿ ಬಾಜೂ ಹೋಗಿ ಕುಂತಾನ, ಅಷ್ಟು ನನಗ ಗೊತ್ತು. ಹಿಟ್ಟು ಚೆಲ್ಲಾಕತ್ತೈತಿ, ನೋಡ್ಕೋ."

ಆ ದಿನ ನಾವು ಬಿಸಿ ರೊಟ್ಟಿ ಝುಣಕ ಉಂಡೆವು. ಝುಣಕದಲ್ಲಿ ಅಲ್ಲಲ್ಲಿ ನುಚ್ಚು ಸಿಗುತ್ತಿತ್ತು. ಅತ್ತಿ ಹೊಗಳಿ ಹೊಗಳಿ ಉಂಡಳು. ನಾನು ನನ್ನ ಅತ್ತಿಯನ್ನು ನೋಡುತ್ತ ಕೂತಿದ್ದೆ. ನಾನು ದೇವರನ್ನು ಕಾಯಲು ಹೋಗಿ ಸುಳ್ಳು ಹೇಳಿದವನು. ಇವಳಿಗೆ ಅವನ ಮೇಲೆ ಎಷ್ಟು ಭರವಸೆಯೆಂದರೆ, ಅವನನ್ನು ಕಾಯುವ ಗೊಡವೆಗೇ ಹೋಗಿಲ್ಲ. ಒಂದು ಸೀರೆಯ ಸೆರಗನ್ನು ಎಳೆ ಎಳೆಯಾಗಿ ಜಗ್ಗಿ ಜಾಳು ಮಾಡಿಕೊಂಡು, ಅವನ ಜೊತೆ ಒಂದು ಆಯುಷ್ಯ ಜಗಳಾಡಿ, ದಿನಾ ಬೆಳಿಗ್ಗೆ ಅವನ ಹೆಸರಿನಲ್ಲೇ ಎದ್ದಿದ್ದಾಳೆ. ಇಂಥ ನಂಬಿಕೆಯ ಮುಂದೆ ನನ್ನದು ಬೀಗ ಜಗ್ಗಿ ನೋಡುವ ನಂಬಿಕೆ.

ಮರಳುವ ಬಸ್ಸಿನಲ್ಲಿ ಸ್ನೇಹಾಳ ಮುಷ್ಟಿಯಲ್ಲಿ ಒಂದು ಕೆಂಪು ಎಳೆ ಇತ್ತು. ಅಮೀನಗಡ ದಾಟಿದ ಮೇಲೆ ಹೇಳಿದಳು, "ಪಪ್ಪಾ, ನಾ ಸಭಾದ ಮುಂದ ನಿಂದರ್ತೇನಿ. ಆದ್ರ ಅವತ್ತಿನ ಸತ್ಯವೇದದ ವಾಚನ ನಾನ ಓದತೇನಿ. ಯಾವುದು ಅಂತನೂ ನಾನ ಆರಿಸ್ತೇನಿ."

"ಯಾವುದವಾ?"

"ನಿನಗ ಹೇಳಂಗಿಲ್ಲ. ಹೇಳಿದ್ರ ನಿದ್ದಿ ಮಾಡೂದಿಲ್ಲ ನೀ."

ಹೇಳದಿದ್ದರೂ ಮಾಡಲಿಲ್ಲ.

ದೃಢೀಕರಣದ ಭಾನುವಾರ ಚರ್ಚು ತುಂಬಿತ್ತು. ಅತ್ತಿ ಅದೇ ಸೀರೆ ಉಟ್ಟು ಬಂದು ನನ್ನ ಪಕ್ಕ ಕೂತಳು. ಮೊದಲು ವಾಚನ, ಆಮೇಲೆ ನಂಬುತ್ತೀಯಾ ಎಂಬ ಪ್ರಶ್ನೆ. ಸ್ನೇಹಾ ಪೀಠದ ಹತ್ತಿರ ಹೋಗಿ ಸತ್ಯವೇದ ತೆರೆದಳು. ಕೆಂಪು ಬಾಲ ಕಂಡಿತು. ಐಗುಪ್ತ. ಚೆನ್ನಾಗಿಯೇ ಓದುತ್ತಿದ್ದಳು. ದೊಡ್ಡ ಗೋಳಾಟ, ಸಾವಿಲ್ಲದ ಮನೆ ಒಂದೂ ಇರಲಿಲ್ಲ ಎಂಬಲ್ಲಿಗೆ ಬಂದಳು.

ನಿಂತಳು.

ಫ್ಯಾನಿನ ಸಪ್ಪಳ. ಹಿಂದೆ ಯಾರೋ ಕೆಮ್ಮಿದರು. ಪಾಸ್ಟರ್ ತಲೆ ಎತ್ತಿದರು. ಸಾಲು ತಪ್ಪಿತೇ? ತಲೆ ಸುತ್ತಿತೇ? ಪುಸ್ತಕ ಮುಚ್ಚಿ ಇಳಿದು ಬಂದೇಬಿಡುತ್ತಾಳೆಯೇ? ಮುಂದಿನ ಸಾಲು ನನಗೆ ಇವತ್ತಿಗೂ ಬಾಯಿಪಾಠ. ಹೇಳಿಕೊಡಲೆಂದು ಅರ್ಧ ಎದ್ದು, ಬಾಯಿ ತೆರೆದೂ ಬಿಟ್ಟಿದ್ದೆ. ನನ್ನ ಅಂಗಿಯ ತುದಿಯನ್ನು ಯಾರೋ ಜಗ್ಗಿ ಕೂರಿಸಿದರು. ತೊಡೆಗೆ ಚಿವುಟು ಬಿತ್ತು, ಅದೇ ಹಳೆಯ ಜಾಗದಲ್ಲಿ.

"ಕುಂದ್ರಲೇ," ಅಂದಳು ಮಾರ್ಥತ್ತಿ, ಪೀಠದ ಮೇಲಿನ ಕಣ್ಣು ಕದಲಿಸದೆ. "ಓದಾಕತ್ತಾಳ."